ಎಲ್ಲ ಚೆನ್ನಾಗಿದೆ ಎಂದವರನ್ನು ಮತ್ತೊಮ್ಮೆ ಕೇಳಿದಾಗ

ಮಂಡಿಯ ಕೀಲು ಬದಲಾಯಿಸಿಕೊಂಡು ಒಂದು ವರ್ಷವಾಗಿದ್ದ ಹಿರಿಯರೊಬ್ಬರು ವಾರ್ಷಿಕ ತಪಾಸಣೆಗೆ ಬಂದಿದ್ದರು. ಶಸ್ತ್ರಚಿಕಿತ್ಸಕರು ಎಕ್ಸ್‌ರೇ ನೋಡಿ ಕೀಲು ಸರಿಯಾಗಿ ಕುಳಿತಿದೆ ಎಂದರು, ನಾನು ಮಂಡಿ ಎಷ್ಟು ಮಡಚುತ್ತದೆ ಎಂದು ಅಳೆದು ಬರೆದುಕೊಂಡೆ, ಅವರು ಎಲ್ಲ ಚೆನ್ನಾಗಿದೆ ಎಂದು ಕೈಮುಗಿದು ಎದ್ದರು. ಆರೇಳು ನಿಮಿಷದ ಕೆಲಸ. ಬಾಗಿಲು ದಾಟಿದ ಮೇಲೆ, ನಾನು ಬೇರೆ ಯಾವುದೋ ಕಾರಣಕ್ಕೆ ಹೊರಗೆ ಹೋದಾಗ, ಅವರು ತಗ್ಗಿದ ದನಿಯಲ್ಲಿ ಕೇಳಿದರು: “ಮೇಡಂ, ಈ ಗಾಯದ ಹೊರಬದಿಯಲ್ಲಿ ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ಆಪರೇಷನ್ ಮಾಡುವಾಗ ನರ ಏನಾದರೂ ಕತ್ತರಿಸಿಹೋಗಿದೆಯೇ?” ಮಂಡಿಯ ಮುಂಭಾಗದ ಚರ್ಮಕ್ಕೆ ಸ್ಪರ್ಶ ಕೊಡುವ ಸಣ್ಣ ನರದ ಕವಲುಗಳು ನಡುಮಂಡಿಯ ಮೇಲೆ ಉದ್ದಕ್ಕೆ ಕೊಯ್ಯುವಾಗ ತುಂಡಾಗುವುದು ಬಹುಮಟ್ಟಿಗೆ ತಪ್ಪಿಸಲಾಗದ ಸಂಗತಿ, ಗಾಯದ ಹೊರಬದಿಯಲ್ಲಿ ಒಂದಿಷ್ಟು ಜಾಗ ಜೋಮು ಹಿಡಿದಂತಿರುತ್ತದೆ, ಕಾಲಕ್ರಮೇಣ ಅದರ ವಿಸ್ತಾರ ಕುಗ್ಗುತ್ತದೆ, ಕೆಲವರಲ್ಲಿ ಪೂರ್ತಿ ಹೋಗುವುದಿಲ್ಲ, ನಡಿಗೆಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಇಷ್ಟನ್ನು ಹೇಳಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅವರು ಒಂದು ವರ್ಷ ಆ ಭಯವನ್ನು ಹೊತ್ತುಕೊಂಡಿದ್ದರು, ಮತ್ತು ಆ ವರ್ಷದಲ್ಲಿ ನಾಲ್ಕು ಸಲ ನಮ್ಮೆದುರು ಕುಳಿತು ಹೋಗಿದ್ದರು.

ಫಿಸಿಯೊಥೆರಪಿಸ್ಟ್ ಆಗಿ ಕೀಲು ಬದಲಿ ಶಸ್ತ್ರಚಿಕಿತ್ಸೆ ಆದವರ ಮರುತಪಾಸಣೆಯಲ್ಲಿ ನಾನು ಬಹುಕಾಲದಿಂದ ಕೆಲಸ ಮಾಡುತ್ತಿದ್ದೇನೆ. ಎರಡು ವಾರಕ್ಕೆ ಹೊಲಿಗೆ ಅಥವಾ ಸ್ಟೇಪಲ್ ತೆಗೆಯುವುದು, ಆರು ವಾರಕ್ಕೆ ಚಲನೆ ಮತ್ತು ನಡಿಗೆ ನೋಡುವುದು, ಮೂರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ, ಆಮೇಲೆ ಕೆಲವು ವರ್ಷಗಳಿಗೊಮ್ಮೆ ಎಕ್ಸ್‌ರೇ ಎಂಬ ಕ್ರಮ ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ ಎಲ್ಲೆಡೆ ಕಾಣುವಂಥದ್ದು. ಆ ಕ್ರಮದ ಪ್ರತಿಯೊಂದು ಭೇಟಿಗೂ ನಮ್ಮ ಕಡೆಯಿಂದ ಕಾರಣವಿದೆ. ರೋಗಿಯ ಕಡೆಯಿಂದ ಆ ಭೇಟಿ ಯಾವುದಕ್ಕಾಗಿ ಎಂದು ನಾನು ಅದುವರೆಗೆ ಯಾರನ್ನೂ ಕೇಳಿರಲಿಲ್ಲ. ಆ ಹಿರಿಯರ ಪ್ರಶ್ನೆಯ ನಂತರ ಕೇಳಲು ಆರಂಭಿಸಿದೆ. ಹೇಗೆ ಕೇಳಿದೆ, ಏನು ತಿಳಿಯಿತು, ಎಲ್ಲಿ ಎಡವಿದೆ ಎಂಬುದನ್ನು ಇದೇ ಕೆಲಸದಲ್ಲಿರುವವರಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. ಒಂದು ಹಾಳೆಯಲ್ಲಿ ಕೆಲವು ಪ್ರಶ್ನೆಗಳನ್ನು ಅಚ್ಚು ಹಾಕಿಸಿ, ತಪಾಸಣೆ ಮುಗಿಸಿ ಹೊರಡುವವರ ಕೈಗೆ ಕೊಟ್ಟು, ತುಂಬಿಸಿಕೊಡಿ ಎಂದೆ. ಬಂದ ಉತ್ತರಗಳೆಲ್ಲ ಒಂದೇ ತರಹ: ತುಂಬ ಸಂತೋಷ, ತುಂಬ ಚೆನ್ನಾಗಿ ನೋಡಿಕೊಂಡಿರಿ. ಕೋಣೆಯಲ್ಲಿ ಬಾಯಿಬಿಟ್ಟು ಹೇಳದವರು ಅದೇ ಕೋಣೆಯ ಬಾಗಿಲಲ್ಲಿ ನಿಂತು ಬರೆದುಕೊಡುತ್ತಾರೆಂದು ನಾನು ಭಾವಿಸಿದ್ದೇ ತಪ್ಪು. ನಮ್ಮಲ್ಲಿ ಆಗಲೇ ಬಳಕೆಯಲ್ಲಿದ್ದ ಆಕ್ಸ್‌ಫರ್ಡ್ ಪ್ರಶ್ನಾವಳಿಯೂ ಈ ಕೆಲಸಕ್ಕೆ ಒದಗಲಿಲ್ಲ. ಸೊಂಟದ ಕೀಲಿಗೆ 1996ರಲ್ಲಿ, ಮಂಡಿಗೆ 1998ರಲ್ಲಿ ರೂಪುಗೊಂಡ ಈ ಪ್ರಶ್ನಾವಳಿಗಳಲ್ಲಿ ತಲಾ 12 ಪ್ರಶ್ನೆಗಳಿವೆ, ಒಂದೊಂದಕ್ಕೆ 0ಯಿಂದ 4ರವರೆಗೆ ಅಂಕ, ಒಟ್ಟು 48. ನೋವು, ನಡಿಗೆ, ಮೆಟ್ಟಿಲು, ರಾತ್ರಿಯ ನಿದ್ದೆ ಇತ್ಯಾದಿಗಳನ್ನು ವೈದ್ಯರ ಕಣ್ಣಿನಿಂದಲ್ಲದೆ ರೋಗಿಯ ಬಾಯಿಂದಲೇ ಅಳೆಯುವ ಒಳ್ಳೆಯ ಸಾಧನ ಅದು, ಅದನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಕೀಲು ಹೇಗಿದೆ ಎಂದು ಅದು ಕೇಳುತ್ತದೆಯೇ ಹೊರತು, ಕೀಲಿನೊಂದಿಗೆ ಮನೆಗೆ ಹೋದ ಮನುಷ್ಯನನ್ನು ನಾವು ಹೇಗೆ ನೋಡಿಕೊಂಡೆವು ಎಂದು ಕೇಳುವುದಿಲ್ಲ.

ಎರಡನೆಯ ಸಲ ಮೂರು ಸಂಗತಿಗಳನ್ನು ಬದಲಾಯಿಸಿದೆ. ತಪಾಸಣೆಯ ದಿನವೇ ಕೇಳುವುದನ್ನು ಬಿಟ್ಟು, ಅವರು ಮನೆಗೆ ಹೋಗಿ ಕೆಲವು ದಿನ ಕಳೆದ ಮೇಲೆ ಫೋನ್ ಮಾಡುವುದು ಎಂದಾಯಿತು. ಚಿಕಿತ್ಸೆ ಕೊಟ್ಟವರ ಬದಲು ಆ ರೋಗಿಯನ್ನು ಎಂದೂ ಮುಟ್ಟದ ಸಹೋದ್ಯೋಗಿ ಕೇಳುವುದು, ನನ್ನ ರೋಗಿಗಳನ್ನು ಅವರು, ಅವರ ರೋಗಿಗಳನ್ನು ನಾನು. ಹೇಳಿದ್ದರಿಂದ ಮುಂದಿನ ಚಿಕಿತ್ಸೆಗೆ ಯಾವ ಬಾಧೆಯೂ ಇಲ್ಲವೆಂದು ಮೊದಲೇ ತಿಳಿಸಿ, ಒಪ್ಪಿದವರನ್ನು ಮಾತ್ರ ಕೇಳಿದೆವು. ಎಲ್ಲಕ್ಕಿಂತ ಮುಖ್ಯವಾಗಿ, ತೃಪ್ತಿಯಾಯಿತೇ ಎಂದು ಕೇಳುವುದನ್ನೇ ಕೈಬಿಟ್ಟೆವು. ಮನೆಗೆ ಹೋದ ಮೊದಲ ರಾತ್ರಿ ಹೇಗೆ ಕಳೆಯಿತು, ಸಂದೇಹ ಬಂದಾಗ ಮೊದಲು ಯಾರನ್ನು ಕೇಳಿದಿರಿ, ನಮ್ಮಲ್ಲಿಂದ ಹೊರಟಾಗ ಕೇಳದೆ ಉಳಿದದ್ದೇನು, ಹೀಗೆ ನಡೆದದ್ದನ್ನು ನೆನಪಿಸಿಕೊಂಡು ಹೇಳುವ ಪ್ರಶ್ನೆಗಳನ್ನಿಟ್ಟುಕೊಂಡೆವು. ಅಭಿಪ್ರಾಯ ಕೇಳಿದರೆ ಜನ ಮರ್ಯಾದೆಯ ಮಾತಾಡುತ್ತಾರೆ, ಮೊದಲ ರಾತ್ರಿಯ ಬಗ್ಗೆ ಕೇಳಿದರೆ ಮೊದಲ ರಾತ್ರಿಯ ಬಗ್ಗೆಯೇ ಹೇಳುತ್ತಾರೆ.

ಆ ರಾತ್ರಿಗಳ ಕಥೆಗಳು ನನ್ನನ್ನು ನಾಚಿಸಿದವು. ವಾರ್ಡಿನಲ್ಲಿದ್ದಾಗ ಗಂಟೆ ಒತ್ತಿದರೆ ಯಾರಾದರೂ ಬರುತ್ತಿದ್ದರು, ಮನೆಯಲ್ಲಿ ಮಂಡಿ ಬಿಸಿಯಾಗಿ ಊದಿಕೊಂಡು ಪಾದದವರೆಗೆ ನೀಲಿಗಟ್ಟಿದಾಗ ಇದು ಸಹಜವೋ ಅಪಾಯವೋ ಎಂದು ಹೇಳುವವರಿಲ್ಲ. ಮಂಡಿ ಬದಲಾಯಿಸಿದ ಮೇಲೆ ಹಲವು ತಿಂಗಳು ಅದು ಮುಟ್ಟಿದರೆ ಬೆಚ್ಚಗಿರುತ್ತದೆ, ಸಂಜೆಯ ಹೊತ್ತಿಗೆ ಊತ ಹೆಚ್ಚುತ್ತದೆ, ನಡೆಯುವಾಗ ಒಳಗೆ ಟಕ್ ಎಂದು ಸದ್ದಾಗುವುದುಂಟು, ಮೊದಲ ವಾರಗಳಲ್ಲಿ ರಾತ್ರಿ ನಿದ್ದೆ ಹರಿದು ಹರಿದು ಬರುತ್ತದೆ. ಇವೆಲ್ಲ ನಮಗೆ ದಿನನಿತ್ಯದ ಮಾತು. ಅವರಿಗೆ ಅದು ಸೋಂಕು, ಕಳಚಿದ ಕೀಲು, ವಿಫಲವಾದ ಆಪರೇಷನ್. ಹೆಚ್ಚಿನವರು ಮೊದಲು ಕೇಳಿದ್ದು ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪರಿಚಿತರನ್ನು, ಅವರೋ ತಮ್ಮ ಕಾಲಿನ ಅನುಭವವನ್ನೇ ಶಾಸ್ತ್ರವೆಂಬಂತೆ ಹೇಳಿರುತ್ತಾರೆ. ನಮ್ಮ ಆರು ವಾರದ ಭೇಟಿಯ ಬಗ್ಗೆ ಒಬ್ಬರು ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಇದೆ: “ಎಲ್ಲ ಕಳೆದ ಮೇಲೆ ನೀವು ಸಿಕ್ಕಿರಿ.”

ಮಂಡಿಯ ಕೆಳಗೆ ದಿಂಬಿಟ್ಟುಕೊಂಡು ಮಲಗಿದವರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳಬೇಕು. ಕಾಲನ್ನು ಸ್ವಲ್ಪ ಮಡಚಿಟ್ಟರೆ ಊದಿದ ಮಂಡಿಯೊಳಗಿನ ಒತ್ತಡ ತಗ್ಗಿ ಹಾಯೆನಿಸುತ್ತದೆ. ಆದರೆ ಹಗಲೂ ರಾತ್ರಿಯೂ ಹಾಗೆಯೇ ಇಟ್ಟರೆ ಮಂಡಿಯ ಹಿಂಭಾಗದ ಅಂಗಾಂಶಗಳು ಕುಗ್ಗಿ ಕಾಲು ನೇರವಾಗುವುದೇ ಇಲ್ಲ, ನೇರವಾಗದ ಕಾಲಿನಲ್ಲಿ ನಡೆಯುವಾಗ ತೊಡೆಯ ಸ್ನಾಯು ಬಿಡುವಿಲ್ಲದೆ ದುಡಿದು ದಣಿಯುತ್ತದೆ. ದಿಂಬಿಡುವುದಾದರೆ ಹಿಮ್ಮಡಿಯ ಕೆಳಗಿಡಬೇಕು, ಆಗ ಮಂಡಿ ತನ್ನ ಭಾರಕ್ಕೆ ತಾನೇ ನೇರವಾಗುತ್ತದೆ. ಇದು ನಾವು ಕೊಟ್ಟಿದ್ದ ಪುಸ್ತಿಕೆಯ ನಡುವೆಲ್ಲೋ ಒಂದು ಸಾಲಿನಲ್ಲಿತ್ತು. ಆರನೆಯ ವಾರ ಅವರು ಬಂದಾಗ ಮಂಡಿ ನೇರವಾಗಲು ಇನ್ನೂ 15 ಡಿಗ್ರಿ ಉಳಿದಿತ್ತು. ನಾನು, ಪುಸ್ತಿಕೆಯಲ್ಲಿ ಬರೆದಿತ್ತಲ್ಲ ಎಂದೆ. ಅವರು ಉತ್ತರಿಸಲಿಲ್ಲ, ತಿಂಗಳಾದ ಮೇಲೆ ನನ್ನ ಸಹೋದ್ಯೋಗಿಗೆ ಫೋನಿನಲ್ಲಿ ಹೇಳಿದರು, ಆ ದಿನಗಳಲ್ಲಿ ಸುಖ ಕೊಟ್ಟ ಒಂದೇ ವಸ್ತು ಆ ದಿಂಬು, ಅದನ್ನು ತಪ್ಪೆಂದು ಹೇಳುವವರು ಎರಡನೆಯ ದಿನವೇ ಹೇಳಬೇಕಿತ್ತು, ಎಂದು. ಆ ಕಾಲನ್ನು ಬಹುಮಟ್ಟಿಗೆ ನೇರ ಮಾಡಲು ನಮ್ಮಿಬ್ಬರಿಗೂ ಇನ್ನೂ ಎರಡು ತಿಂಗಳ ಪರಿಶ್ರಮ ಬೇಕಾಯಿತು, ಒಂದು ಫೋನ್ ಕರೆಯಿಂದ ಉಳಿಯಬಹುದಾಗಿದ್ದ ಪರಿಶ್ರಮ ಅದು.

ಸೊಂಟದ ಕೀಲಿನವರ ಸಂಕಟ ಬೇರೆಯದು. ಅವರ ನೋವು ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಆದರೆ ಕೀಲು ಜಾರಿಬಿಡುವ ಭಯ ಇಳಿಯುವುದಿಲ್ಲ. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ, ಕಾಲನ್ನು ಒಳಕ್ಕೆ ತಿರುಗಿಸಬೇಡಿ ಎಂಬ ನಿರ್ಬಂಧಗಳನ್ನು, ಶಸ್ತ್ರಚಿಕಿತ್ಸೆಯ ವಿಧಾನವನ್ನು ನೋಡಿಕೊಂಡು, ಆರರಿಂದ ಹನ್ನೆರಡು ವಾರಗಳ ಮಟ್ಟಿಗೆ ಹೇಳುವ ರೂಢಿ ಇದೆ. ಇವುಗಳನ್ನು ನಾವು ಒತ್ತಿ ಒತ್ತಿ ಹೇಳುತ್ತೇವೆ, ತೆಗೆದುಹಾಕುವಾಗ ಮಾತ್ರ ಮರೆತುಬಿಡುತ್ತೇವೆ. ಒಬ್ಬ ಮಹಿಳೆ ಹದಿನಾಲ್ಕು ತಿಂಗಳು ಅಂಗಾತವೇ ಮಲಗಿದ್ದರು, ಮಗ್ಗುಲಾಗಬಹುದು ಎಂದು ಯಾರೂ ಹೇಳಿರಲಿಲ್ಲವೆಂಬ ಒಂದೇ ಕಾರಣಕ್ಕೆ. ಬೆನ್ನು ನೋವೆಂದು ಬೇರೆ ಕಡೆ ತೋರಿಸಿಕೊಂಡು ಮಾತ್ರೆಯನ್ನೂ ನುಂಗುತ್ತಿದ್ದರು. ನಮ್ಮ ದಾಖಲೆಯಲ್ಲಿ ಅವರ ವಾರ್ಷಿಕ ಭೇಟಿಯ ಮುಂದೆ “ತೊಂದರೆಯಿಲ್ಲ” ಎಂದು ನಾನೇ ಬರೆದದ್ದಿದೆ.

ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೇಳಿದ್ದು ಹೊಂದುವುದಿಲ್ಲ ಎಂಬ ದೂರು ಮತ್ತೆ ಮತ್ತೆ ಬಂತು. ಊರುಗೋಲು ಯಾವಾಗ ಬಿಡಬೇಕು, ಗಾಯಕ್ಕೆ ಯಾವಾಗ ನೀರು ತಾಗಿಸಬಹುದು, ವಾಹನ ಯಾವಾಗ ಓಡಿಸಬಹುದು ಎಂಬುದಕ್ಕೆ ಶಸ್ತ್ರಚಿಕಿತ್ಸಕರದ್ದೊಂದು ಉತ್ತರ, ನರ್ಸ್‌ಗಳದ್ದೊಂದು, ನಮ್ಮದೊಂದು. ಇದಕ್ಕೆ ರೋಗಿಗಳನ್ನು ಕೇಳುವ ಅಗತ್ಯವೇ ಇರಲಿಲ್ಲ, ನಾವೆಲ್ಲ ಒಂದು ಮಧ್ಯಾಹ್ನ ಕುಳಿತರೆ ಮುಗಿಯುವ ಕೆಲಸ. ಕುಳಿತೆವು, ಮುಗಿಯಿತು.

ಎಕ್ಸ್‌ರೇ ಬಗ್ಗೆ ಅವರು ಹೇಳಿದ್ದು ಹೆಚ್ಚು ಯೋಚಿಸುವಂತೆ ಮಾಡಿತು. “ಫಿಲ್ಮ್ ನೋಡಿದರು, ಕಾಲು ನೋಡಲಿಲ್ಲ” ಎಂಬ ಅರ್ಥದ ಮಾತು ಎಷ್ಟು ಜನರಿಂದ ಬಂತೆಂದರೆ, ಮೊದಲು ಕೈಯಿಂದ ಕಾಲನ್ನು ಮುಟ್ಟಿ ನೋಡಿ ಆಮೇಲೆ ಪರದೆಯ ಕಡೆ ತಿರುಗುವುದನ್ನು ನಾವು ನಿಯಮವನ್ನಾಗಿ ಮಾಡಿಕೊಂಡೆವು. ತಮ್ಮ ಎಕ್ಸ್‌ರೇಯನ್ನು ತಾವೂ ನೋಡಬೇಕೆಂಬ ಆಸೆ ಬಹುಪಾಲು ಎಲ್ಲರಿಗೂ ಇರುತ್ತದೆ, ಆದರೆ ವಿವರಣೆಯಿಲ್ಲದೆ ತೋರಿಸಿದರೆ ಅದೇ ಹೊಸ ಭಯಕ್ಕೆ ಕಾರಣ. ಮಂಡಿಯ ಎಕ್ಸ್‌ರೇಯಲ್ಲಿ ತೊಡೆಯ ಮೂಳೆಯ ತುದಿಗೆ ತೊಡಿಸಿದ ಲೋಹವೂ ಕೆಳಗಿನ ಮೂಳೆಯ ಮೇಲೆ ಕೂರಿಸಿದ ಲೋಹದ ತಟ್ಟೆಯೂ ಬೆಳ್ಳಗೆ ಕಾಣುತ್ತವೆ. ಇವೆರಡರ ನಡುವೆ ಇರುವ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ, ಅಲ್ಲಿ ಖಾಲಿ ಜಾಗದಂತೆ ಕತ್ತಲೆ ಕಾಣುತ್ತದೆ. ಒಬ್ಬರು ಪರದೆಯ ಮೇಲೆ ಬೆರಳಿಟ್ಟು, “ನಡುವೆ ಏನೂ ಇಲ್ಲವಲ್ಲ, ಎರಡೂ ಕೂಡಿಲ್ಲವೇ?” ಎಂದು ಕೇಳಿದಾಗ ಅವರ ಬೆರಳು ನಡುಗುತ್ತಿತ್ತು. ಈಗ ನನ್ನ ಮೇಜಿನ ಮೇಲೆ ಕೃತಕ ಮಂಡಿಯ ಒಂದು ಮಾದರಿ ಇದೆ, ಅದರ ಪ್ಲಾಸ್ಟಿಕ್ ತುಂಡನ್ನು ಬಿಚ್ಚಿ ಅವರ ಕೈಗೇ ಕೊಟ್ಟು ಆಮೇಲೆ ಎಕ್ಸ್‌ರೇ ತೋರಿಸುತ್ತೇನೆ. ಆ ಕತ್ತಲೆಯ ಪಟ್ಟಿಯ ಅಗಲವೇ ಸವಕಳಿಯ ಲೆಕ್ಕ, ಅದು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆಯೇ ಎಂದು ನೋಡಲೆಂದೇ ನಿಮ್ಮನ್ನು ಕರೆಯುತ್ತೇವೆ ಎಂದರೆ, ಕೆಲವು ವರ್ಷಗಳ ನಂತರದ ಭೇಟಿ ಏಕೆಂಬುದು ತಾನಾಗಿಯೇ ತಿಳಿಯುತ್ತದೆ.

ಮಂಡಿ ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು ಫಲಿತಾಂಶದ ಬಗ್ಗೆ ಪೂರ್ಣ ತೃಪ್ತರಲ್ಲ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಸೊಂಟದ ಕೀಲಿನಲ್ಲಿ ಈ ಪ್ರಮಾಣ ಕಡಿಮೆ. ಹಾಗಿದ್ದರೂ ನಮ್ಮ ಕೋಣೆಯಲ್ಲಿ ಅತೃಪ್ತರು ಸಿಗುವುದೇ ಅಪರೂಪವಾಗಿತ್ತು. ಫೋನಿನಲ್ಲಿ ಸಿಕ್ಕರು. ಅವರ ಮೌನಕ್ಕೆ ಕೃತಜ್ಞತೆ ಒಂದು ಕಾರಣ, ಅಷ್ಟು ಕಷ್ಟಪಟ್ಟು ಮಾಡಿದವರ ಮುಂದೆ ಇನ್ನೂ ನೋವಿದೆ ಎನ್ನುವುದು ಉಪಕಾರ ಮರೆತಂತೆ ಎಂಬ ಭಾವನೆ. ಇನ್ನೊಂದು ಕಾರಣ ನಮ್ಮದೇ. ನೋವೆಂದವರಿಗೆ “ಎಕ್ಸ್‌ರೇ ಚೆನ್ನಾಗಿದೆಯಲ್ಲ” ಎಂದು ಹೇಳುವಾಗ ನಾವು ಧೈರ್ಯ ತುಂಬುತ್ತಿದ್ದೇವೆಂದು ಭಾವಿಸಿರುತ್ತೇವೆ, ಅವರ ಕಿವಿಗೆ ಅದು ನೀವು ಹೇಳುವುದು ಸುಳ್ಳು ಎಂದು ಕೇಳಿಸುತ್ತದೆ. ನೋವು ಉಳಿದಿದ್ದರೆ ಸೋಂಕಿದೆಯೇ, ಕೀಲು ಸಡಿಲವಾಗಿದೆಯೇ, ಬೆನ್ನಿನಿಂದಲೋ ಸೊಂಟದಿಂದಲೋ ಮಂಡಿಗೆ ಇಳಿಯುತ್ತಿರುವ ನೋವೇ ಎಂದು ಕ್ರಮವಾಗಿ ಹುಡುಕಬೇಕಾಗುತ್ತದೆ. ಹುಡುಕಿದ ಮೇಲೂ ಕಾರಣ ಸಿಗದಿರುವುದುಂಟು. ಹುಡುಕಿದಿರಲ್ಲ, ಅಷ್ಟು ಸಾಕು ಎಂದವರು ಇದ್ದಾರೆ. ಸಾಲದು ಎಂದವರೂ ಇದ್ದಾರೆ, ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ವರ್ಷಗಳ ನಂತರದ ತಪಾಸಣೆಯ ವಿಷಯದಲ್ಲಿ ಮಾತ್ರ ರೋಗಿಗಳ ಅಭಿಪ್ರಾಯಕ್ಕೂ ನನ್ನ ಅಭಿಪ್ರಾಯಕ್ಕೂ ಪೂರ್ತಿ ಹೊಂದಾಣಿಕೆಯಾಗಲಿಲ್ಲ. ನೋವಿಲ್ಲದಿದ್ದರೆ ಬರುವುದೇಕೆ ಎಂಬುದು ಅವರ ನ್ಯಾಯವಾದ ಪ್ರಶ್ನೆ. ಪ್ಲಾಸ್ಟಿಕ್ ಸವೆದು ಉದುರುವ ಕಣ್ಣಿಗೆ ಕಾಣದ ಕಣಗಳನ್ನು ದೇಹದ ರಕ್ಷಕ ಕೋಶಗಳು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ಉರಿಯೂತವನ್ನು ಹುಟ್ಟಿಸುತ್ತವೆ, ಅದರಿಂದ ಕೀಲಿನ ಸುತ್ತಲಿನ ಮೂಳೆ ಕರಗತೊಡಗುತ್ತದೆ. ಈ ಕರಗುವಿಕೆ ಬಹಳ ಮುಂದುವರಿಯುವವರೆಗೂ ನೋವೇ ಇರದಿರಬಹುದು. ಕೀಲು ಸಡಿಲವಾಗಿ ನೋಯುವ ಹೊತ್ತಿಗೆ ಮರುಶಸ್ತ್ರಚಿಕಿತ್ಸೆಗೆ ಆಧಾರವಾಗಬೇಕಾದ ಮೂಳೆಯೇ ಕಡಿಮೆಯಾಗಿರುತ್ತದೆ. ಇಂದಿನ ಸೊಂಟದ ಕೀಲು ಬದಲಿಗೆ ಬುನಾದಿ ಹಾಕಿದ ಬ್ರಿಟಿಷ್ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್‌ಲಿ ಅವರು ಮೊದಲು ಬಳಸಿದ ಟೆಫ್ಲಾನ್ ಎಂಬ ಪ್ಲಾಸ್ಟಿಕ್ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು, 1962ರಲ್ಲಿ ಅವರು ಪಾಲಿಎಥಿಲೀನ್‌ಗೆ ತಿರುಗಿದರು. ಶಸ್ತ್ರಚಿಕಿತ್ಸೆ ಮಾಡಿದವರನ್ನು ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದುದರಿಂದಲೇ ಆ ತಪ್ಪು ಬೇಗ ಬಯಲಾಯಿತು. ಸ್ವೀಡನ್ 1975ರಲ್ಲಿ ಮಂಡಿಗೆ, 1979ರಲ್ಲಿ ಸೊಂಟಕ್ಕೆ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿದ ಮೇಲೆ ಯಾವ ಕೀಲು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಲೆಕ್ಕ ಸಿಗತೊಡಗಿತು. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ 25 ವರ್ಷಗಳ ನಂತರವೂ ಸೊಂಟದ ಕೀಲುಗಳಲ್ಲಿ ಸುಮಾರು ಶೇ. 58, ಮಂಡಿಯ ಪೂರ್ಣ ಕೀಲುಗಳಲ್ಲಿ ಸುಮಾರು ಶೇ. 82 ಬದಲಾಯಿಸುವ ಅಗತ್ಯವಿಲ್ಲದೆ ಉಳಿದಿದ್ದವು. ಈಗಿನ ಪ್ಲಾಸ್ಟಿಕ್ ಆಗಿನದಕ್ಕಿಂತ ಕಡಿಮೆ ಸವೆಯುತ್ತದೆ. ಆದ್ದರಿಂದ, ಒಳ್ಳೆಯ ಚರಿತ್ರೆಯಿರುವ ಕೀಲು ಹಾಕಿಸಿಕೊಂಡವರು ಮೊದಲ ವರ್ಷದ ನಂತರ ಹತ್ತನೆಯ ವರ್ಷದವರೆಗೆ ತೊಂದರೆಯಿಲ್ಲದಿದ್ದರೆ ಕ್ರಮಬದ್ಧ ತಪಾಸಣೆಗೆ ಬರಬೇಕಿಲ್ಲ ಎಂಬ ವಾದಕ್ಕೆ ಈಗ ಬಲ ಬಂದಿದೆ. ಅದನ್ನು ನಾನು ಒಪ್ಪುತ್ತೇನೆ, ಆದರೆ ಬರಬೇಕಿಲ್ಲ ಎನ್ನುವಾಗಲೇ ಯಾವಾಗ ಬರಲೇಬೇಕು ಎಂಬುದನ್ನೂ ಬರೆದು ಕೊಡಬೇಕು. 2010ರಲ್ಲಿ ಲೋಹದ ಮೇಲೆ ಲೋಹ ಉಜ್ಜುವ ಒಂದು ಬಗೆಯ ಸೊಂಟದ ಕೀಲನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಾಗ, ತಮ್ಮೊಳಗಿರುವುದು ಯಾವ ಕೀಲೆಂದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಇದ್ದ ವ್ಯತ್ಯಾಸ ಸಣ್ಣದಲ್ಲ. ಕೀಲಿನ ಹೆಸರು, ಅಳತೆ, ಕ್ರಮಸಂಖ್ಯೆ ಇರುವ ಚೀಟಿಯ ಒಂದು ಪ್ರತಿ ನಿಮ್ಮ ಬಳಿಯೇ ಇರಲಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಬದಲಾಯಿಸಿದ್ದು ಇಷ್ಟು. ಮನೆಗೆ ಹೋದ ಮೂರನೆಯ ದಿನ ಮತ್ತು ಹತ್ತನೆಯ ದಿನ ನಾವಾಗಿಯೇ ಫೋನ್ ಮಾಡುತ್ತೇವೆ, ದಿಂಬಿನ ಮಾತು ಮೊದಲ ಕರೆಯಲ್ಲೇ ಬರುತ್ತದೆ. ಪುಸ್ತಿಕೆಯ ಜೊತೆಗೆ ಒಂದೇ ಪುಟದ ದಪ್ಪಕ್ಷರದ ಹಾಳೆ ಇದೆ: ಮೀನಖಂಡ ಗಟ್ಟಿಯಾಗಿ ಊದಿ ನೋಯುವುದು, ಎದೆನೋವು, ಉಸಿರುಗಟ್ಟುವುದು, ಗಾಯದಿಂದ ನೀರು ಅಥವಾ ಕೀವು ಒಸರುವುದು, ಚಳಿಜ್ವರ, ಇದ್ದಕ್ಕಿದ್ದಂತೆ ಕಾಲೂರಲಾಗದೆ ಕಾಲು ಗಿಡ್ಡವಾದಂತೆ ಅಥವಾ ತಿರುಚಿಕೊಂಡಂತೆ ಕಾಣುವುದು, ಇವುಗಳಿಗೆ ಬೆಳಗಾಗುವವರೆಗೆ ಕಾಯಬಾರದು. ಗಾಯ ಒಸರುತ್ತಿದೆಯೆಂದು ಮನೆಯಲ್ಲಿದ್ದ ಆಂಟಿಬಯಾಟಿಕ್ ನುಂಗಬಾರದು, ಏಕೆಂದರೆ ಮಾದರಿ ತೆಗೆಯುವ ಮುನ್ನವೇ ಔಷಧ ಹೋದರೆ ಯಾವ ರೋಗಾಣುವೆಂದು ಪತ್ತೆಹಚ್ಚುವುದು ಕಷ್ಟವಾಗುತ್ತದೆ. ಹಾಳೆಯ ಹಿಂಬದಿಯಲ್ಲಿ ಪ್ರತಿಯೊಂದು ನಿರ್ಬಂಧದ ಮುಂದೆ ಅದು ಮುಗಿಯುವ ದಿನಾಂಕವನ್ನು ಕೈಯಲ್ಲಿ ಬರೆಯುತ್ತೇವೆ. ಭೇಟಿಯ ಕೊನೆಯಲ್ಲಿ “ಇನ್ನೇನಾದರೂ ಇದೆಯೇ?” ಎಂದು ಕೇಳುತ್ತಿದ್ದೆ, ಇಲ್ಲ ಎಂಬ ಉತ್ತರವನ್ನೇ ಬೇಡುವ ಪ್ರಶ್ನೆ ಅದು. ಈಗ ಆರಂಭದಲ್ಲೇ, “ಬರುವಾಗ ದಾರಿಯಲ್ಲಿ ಏನು ಕೇಳಬೇಕೆಂದುಕೊಂಡಿರಿ?” ಎನ್ನುತ್ತೇನೆ. ಕಾಯುವ ಜಾಗದ ತಗ್ಗು ಕುರ್ಚಿಗಳನ್ನೂ ಬದಲಾಯಿಸಿದೆವು. ಮಂಡಿಯನ್ನು 90 ಡಿಗ್ರಿ ಮಡಚಲು ಒದ್ದಾಡುತ್ತಿರುವವರನ್ನು ಅದಕ್ಕಿಂತ ಹೆಚ್ಚು ಮಡಚಬೇಕಾದ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂರಿಸುತ್ತಿದ್ದೆವೆಂದು ಕೇಳುವವರೆಗೂ ನಮಗೆ ಹೊಳೆದಿರಲಿಲ್ಲ.

ಕರೆಗಳ ವಿಷಯದಲ್ಲಿ ನಾನೂ ಅತಿ ಮಾಡಿದೆ. ಉತ್ಸಾಹದಲ್ಲಿ ವಾರಕ್ಕೊಂದರಂತೆ ಮೂರು ತಿಂಗಳು ಫೋನ್ ಮಾಡಿದಾಗ ಒಬ್ಬರು ಸೌಜನ್ಯದಿಂದಲೇ ಗದರಿಸಿದರು: ಫೋನ್ ಬಂದಾಗ ಮಾತ್ರ ನನಗೆ ಕಾಲು ನೆನಪಾಗುತ್ತದೆ, ದಯವಿಟ್ಟು ನೆನಪಿಸಬೇಡಿ. ಕೃತಕ ಕೀಲು ಇದೆಯೆಂಬುದೇ ಮರೆತುಹೋಗಿದೆಯೇ ಎಂದು ಅಳೆಯುವ ಪ್ರಶ್ನಾವಳಿಯೊಂದು 2012ರಿಂದ ಬಳಕೆಯಲ್ಲಿದೆ. ಅದರಲ್ಲಿ ಪೂರ್ಣಾಂಕ ಪಡೆಯಬಹುದಾಗಿದ್ದವರನ್ನು ನಾನು ತಡೆಯುತ್ತಿದ್ದೆ.

ಉಳಿದಿರುವುದು ಬಾರದವರ ಪಟ್ಟಿ. ತಪಾಸಣೆಗೆ ಬಂದವರನ್ನಷ್ಟೇ ಕೇಳಿದರೆ ಬರಲು ಸಾಧ್ಯವಾದವರ ಅಭಿಪ್ರಾಯವಷ್ಟೇ ಸಿಗುತ್ತದೆ ಎಂದು ತಿಳಿಯಲು ನನಗೆ ತಡವಾಯಿತು. ಕರೆದರೂ ಬಾರದವರಿಗೆ ಕಳೆದ ವರ್ಷದಿಂದ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದೇನೆ. ಮರೆತವರು ಇದ್ದಾರೆ, ಬೇಡವೆನಿಸಿದವರು ಇದ್ದಾರೆ. ಎರಡೂ ಮಂಡಿ ಬದಲಾಯಿಸಿಕೊಂಡು ಎಂಟು ವರ್ಷವಾಗಿರುವ ಒಬ್ಬ ಅಜ್ಜಿ ಮಾತ್ರ, ಕಾಲು ಚೆನ್ನಾಗಿದೆ, ಬರಬಾರದೆಂದೇನೂ ಇಲ್ಲ, ಆದರೆ ಪ್ರತಿಸಲ ಕರೆದುಕೊಂಡು ಬರುತ್ತಿದ್ದವರು ಈಗ ಇಲ್ಲ ಎಂದರು. ಅವರ ಮನೆಗೆ ಹತ್ತಿರದಲ್ಲೇ ಎಕ್ಸ್‌ರೇ ತೆಗೆಸಿ ನಮಗೆ ಕಳುಹಿಸುವ ಏರ್ಪಾಡಾಗಿದೆ, ಚಿತ್ರ ಬಂದ ದಿನ ಅದನ್ನು ಮುಂದಿಟ್ಟುಕೊಂಡು ನಾನು ಅವರಿಗೆ ಫೋನ್ ಮಾಡಬೇಕು.